ನಂಬರಿಗೆ ಮೊದಲು ಸೂಜಿ

ನನ್ನ ತಂಗಿ ಜರ್ಮನಿಗೆ ಹೋಗಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ನಾಯಿಯೂ ಜೊತೆಗೆ ಬರಬೇಕು. ಅಲ್ಲಿ ನರ್ಸ್ ಆಗಿದ್ದ ಅವಳ ಮಗಳಿಗೆ ಅವಳಿ ಮಕ್ಕಳಾಗುವುದಿತ್ತು. ಹೆರಿಗೆಗೆ ಇನ್ನೂ ಆರು ತಿಂಗಳು. ತಂಗಿ ಒಮ್ಮೆ ಹೋದರೆ ಮರಳುವುದು ಅನುಮಾನವೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಆದರೆ ಅದನ್ನು ಯಾರೂ ಮಾತಿಗೆ ತಂದಿರಲಿಲ್ಲ.

ಆಗ ಹೈದರಾಬಾದು ಅವಿಭಜಿತ ಆಂಧ್ರದ ರಾಜಧಾನಿ. ಗಂಡ ತೀರಿಹೋದ ವರ್ಷ ತಂಗಿ ನಾಚಾರಂನ ನನ್ನ ಮನೆಯ ಮಹಡಿಗೆ ಬಂದಿದ್ದಳು. ಅದೇ ವರ್ಷ ಗೇಟಿನ ಕೆಳಗಿಂದ ನುಸುಳಿ ಬಂದ ಕಂದು ಬಣ್ಣದ ಬೀದಿಮರಿ ಅವಳ ಚಾಪೆಯ ಅಂಚಿನಲ್ಲಿ ಮಲಗಿ, ಒಂಬತ್ತು ವರ್ಷ ಅಲ್ಲಿಂದ ಏಳಲಿಲ್ಲ. ಮೊಸರಿನಲ್ಲಿ ನೆನೆಸಿದ ಜೋಳದ ರೊಟ್ಟಿಯೇ ಅದರ ಊಟ. ಅವಳ ಕೈಯಿಂದಲ್ಲದೆ ಬೇರೆ ಕೈಯಿಂದ ತಿನ್ನುತ್ತಿರಲಿಲ್ಲ.

ಪ್ರಾಣಿಗಳನ್ನು ವಿದೇಶಕ್ಕೆ ಕಳಿಸಿಕೊಡುವ ಏಜೆಂಟರಿಗೆ ಕೆಲಸ ಒಪ್ಪಿಸೋಣ ಎಂದು ತಂಗಿಯ ಮಗಳು ಫೋನಿನಲ್ಲಿ ಹೇಳಿದಳು. ನಾನು ಒಪ್ಪಲಿಲ್ಲ. ನನ್ನ ಶಾಲೆ ಏಳನೆಯ ಇಯತ್ತೆಗೆ ನಿಂತಿತ್ತು. ಇಂಗ್ಲಿಷನ್ನು ಯಂತ್ರಗಳ ಕೈಪಿಡಿಗಳಿಂದಲೂ ಔಷಧದ ಪೊಟ್ಟಣಗಳೊಳಗಿನ ಚೀಟಿಗಳಿಂದಲೂ ಕಲಿತವನು ನಾನು. ಹೀಗೆ ಕಲಿತವನಿಗೆ ಇನ್ನೊಬ್ಬರ ಬಾಯಿಮಾತು ಎಂದೂ ಸಾಲುವುದಿಲ್ಲ.

'ನಮ್ಮಣ್ಣ ದೇವರು ಬಂದ್ರೂ ಗುರುತಿನ ಚೀಟಿ ಕೇಳಾಂವ' ಎಂದು ತಂಗಿ ನೆರೆಯವರ ಮುಂದೆ ಹಂಗಿಸುತ್ತಿದ್ದಳು.

ಮೊದಲ ಸಂಗತಿಯಲ್ಲಿ ನಾನೇ ಗೆದ್ದೆ. ವಿಮಾನ ಹತ್ತಿಸುವ ಮುನ್ನ ನಾಯಿಗೆ ನಿದ್ದೆಯ ಗುಳಿಗೆ ಕೊಡಬೇಕೆಂದು ಕಂಡವರೆಲ್ಲ ಹೇಳುತ್ತಿದ್ದರು. ಹುಡುಕಿ ಓದಿದೆ: ಅಮಲಿನಲ್ಲಿರುವ ಪ್ರಾಣಿಯ ಉಸಿರಾಟಕ್ಕೆ ಆಕಾಶದಲ್ಲಿ ಅಪಾಯ, ವಿಮಾನದವರೂ ಅದನ್ನು ಹತ್ತಿಸಿಕೊಳ್ಳುವುದಿಲ್ಲ. ಆ ಗೆಲುವು ನನ್ನನ್ನು ಕೆಡಿಸಿತು.

ನಮ್ಮ ಪಶುವೈದ್ಯರು ಬೀದರ ಕಡೆಯವರು, ನನಗಿಂತ ಮೂವತ್ತು ವರ್ಷ ಚಿಕ್ಕವರು. ಜರ್ಮನಿಗೆ ಹೋಗುವ ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇರಬೇಕು, ಅದರೊಳಗೆ ಒಂದು ನಂಬರ್. ಹುಚ್ಚುನಾಯಿ ರೋಗದ ಲಸಿಕೆ ಆಗಬೇಕು. ತಿಂಗಳ ನಂತರ, ಲಸಿಕೆ ಹಿಡಿದಿದೆಯೇ ಎಂದು ನೋಡಲು ರಕ್ತ ತೆಗೆದು ಪರೀಕ್ಷೆಗೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಇಷ್ಟನ್ನೂ ಅವರು ಸರಿಯಾಗಿಯೇ ಹೇಳಿದರು.

'ಚಿಪ್ ಮುಂಬಯಿಯಿಂದ ಬರಬೇಕ್ರಿ ಕಾಕಾ, ಎಂಟು ದಿನ ತಡೀರಿ. ಅದು ಹಾಕಿದ ಮ್ಯಾಲೇ ಸೂಜಿ ಮಾಡಬೇಕಂತ.'

'ಅಂತ ಅಂದವರು ಯಾರು?'

'ನನ್ನ ಜೋಡಿ ಓದಿದಾಂವ ಹೇಳ್ಯಾನ್ರಿ.'

'ಎಲ್ಲಿ ಬರದೈತಿ ತೋರಿಸ್ರಿ.'

ಅವರ ಬಳಿ ಕಾಗದವಿರಲಿಲ್ಲ. ನನ್ನ ಬಳಿ ಮೂವತ್ತೊಂದು ವರ್ಷಗಳ ಕಸುಬಿತ್ತು. ನಾನು ದುಡಿದದ್ದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಅಲ್ಲಿನ ಧರ್ಮ ಒಂದೇ: ಮೊದಲು ಪರೀಕ್ಷೆ, ಅಳತೆಗೆ ನಿಂತ ತುಂಡಿಗೆ ಆಮೇಲೆ ನಂಬರ್. ಪರೀಕ್ಷೆಯಾಗದ ತುಂಡಿಗೆ ನಂಬರ್ ಹೊಡೆದವರಿಗೆ ನಾನೇ ಮೆಮೊ ಕೊಡಿಸಿದ್ದುಂಟು. ನಾಯಿಯನ್ನು ರೋಗದಿಂದ ಕಾಯುವುದು ಲಸಿಕೆ. ನಂಬರ್ ಬರಿಯ ಗುರುತು. ಗುರುತಿಗಾಗಿ ರಕ್ಷಣೆಯನ್ನು ಎಂಟು ದಿನ ಮುಂದೂಡುವುದು ನನಗೆ ಶುದ್ಧ ಮೌಢ್ಯವಾಗಿ ಕಂಡಿತು.

'ಸೂಜಿ ಇವತ್ತ ಹಾಕ್ರಿ ಡಾಕ್ಟರ್ರ. ಜವಾಬ್ದಾರಿ ನಂದು.'

ಹಿರಿಯನ ಮಾತು ಮೀರಲಾರದೆ ಅವರು ಹಾಕಿದರು. ಒಂಬತ್ತನೆಯ ದಿನ ಚಿಪ್ ಬಂತು, ಅದನ್ನೂ ಹಾಕಿಸಿದೆವು.

ವಿಮಾನದಲ್ಲಿ ನಾಯಿಯನ್ನು ಇಡುವ ಪೆಟ್ಟಿಗೆಯ ಅಳತೆಯನ್ನು ನಾನೇ ಕೊಟ್ಟೆ: ನಾಯಿ ನಿಂತರೆ ಕಿವಿ ತಾಗಬಾರದು, ತಿರುಗಿದರೆ ಬಾಲ ಸಿಕ್ಕಿಕೊಳ್ಳಬಾರದು. ರೂಢಿ ಮಾಡಿಸಿದವಳು ತಂಗಿ. ಮೊದಲ ವಾರ ಒಳಗೆ ರೊಟ್ಟಿಯಿಟ್ಟು ತಾನೂ ಅರ್ಧ ಮೈ ತೂರಿಸಿ ಕೂಡುತ್ತಿದ್ದಳು. ಆಮೇಲೆ ಬಾಗಿಲ ಬಳಿ, ಆಮೇಲೆ ಕೋಣೆಯ ಮೂಲೆಯಲ್ಲಿ. ಕೊನೆಗೆ ಬಾಗಿಲು ಹಾಕಿ ಕೆಳಗೆ ನನ್ನ ಮನೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದಳು. ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದರೆ ಅವಳು ಬಂದೇ ಬರುತ್ತಾಳೆ ಎಂಬುದನ್ನು ನಾಯಿ ನಾಲ್ಕು ತಿಂಗಳಲ್ಲಿ ಪೂರ್ತಿ ಕಲಿತುಬಿಟ್ಟಿತು.

ವಿಮಾನಕ್ಕೆ ಮೂರು ವಾರವಿದ್ದಾಗ ಕಾಗದಗಳನ್ನು ತೆಗೆದುಕೊಂಡು ಸರ್ಕಾರಿ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿಣಿ ಎರಡು ತಾರೀಖುಗಳ ಮೇಲೆ ಪೆನ್ಸಿಲ್ ಇಟ್ಟು ಹಿಂದಿಯಲ್ಲಿ ಕೇಳಿದರು: ಲಸಿಕೆ ಹಾಕಿದ ದಿನ ಈ ನಾಯಿಗೆ ನಂಬರ್ ಇರಲಿಲ್ಲ, ಅಂದಮೇಲೆ ಆ ಲಸಿಕೆ ಬಿದ್ದದ್ದು ಈ ನಾಯಿಗೇ ಎಂದು ಯಾರು ಹೇಳಬೇಕು? ಎಲ್ಲಿ ಬರೆದಿದೆ ಎಂದೆ. ಅವರು ಬೇಸರಿಸದೆ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮೂರು ಸಲ ಓದಿದೆ. ಚಿಪ್‌ಗೆ ಮೊದಲಿನ ಲಸಿಕೆ ಲೆಕ್ಕಕ್ಕಿಲ್ಲ. ಆ ಲಸಿಕೆಯ ಮೇಲಿನ ರಕ್ತಪರೀಕ್ಷೆಯೂ ಲೆಕ್ಕಕ್ಕಿಲ್ಲ. ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ನಾಲ್ಕು ತಿಂಗಳು.

ಆಟೋದಲ್ಲಿ ತಾರ್ನಾಕ ದಾಟುವಾಗ ತಂಗಿ ರಸ್ತೆಯನ್ನೇ ನೋಡುತ್ತ ಹೇಳಿದಳು: 'ಪೆಟ್ಟಿಗಿ ತಗದು ಅಟ್ಟಕ್ಕ ಹಾಕಬ್ಯಾಡ ಅಣ್ಣಾ. ರೂಢಿ ತಪ್ಪತೈತಿ.'

ಮರುದಿನವೇ ಹೊಸ ಲಸಿಕೆ ಹಾಕಿಸಿದೆ. ದಿನ ತುಂಬಿದೊಡನೆ ನಾನೇ ಕರೆತರುತ್ತೇನೆಂದು ಮಾತು ಕೊಟ್ಟೆ. ಹೆರಿಗೆ ಯಾರಿಗೂ ಕಾಯುವುದಿಲ್ಲ, ಅವಳು ಹೋದಳು.

ಅಂದಿನಿಂದ ನಾಯಿ ಯಾರೂ ಹೇಳದೆ ತಾನಾಗಿಯೇ ಪೆಟ್ಟಿಗೆಯೊಳಗೆ ಹೋಗಿ ಮಲಗತೊಡಗಿತು. ಅಳಲಿಲ್ಲ, ಬೊಗಳಲಿಲ್ಲ. ಕಲಿಸಿದ್ದನ್ನು ಮಾಡುತ್ತಿತ್ತು, ಅಷ್ಟೇ. ನಾನು ರೊಟ್ಟಿ ನೆನೆಸಿ ಒಳಗೆ ಕೈಚಾಚಿದರೆ ಮೂಸಿ, ನನಗೆ ಬೇಸರವಾಗದಿರಲಿ ಎಂಬಂತೆ ಒಂದು ತುತ್ತು ತಿನ್ನುತ್ತಿತ್ತು. ಪ್ರತಿ ಭಾನುವಾರ ತಂಗಿಯ ಫೋನು.

'ಉಣ್ಣಾಕತ್ಯಾನೇನು?'

'ಚಲೋ ಉಣ್ಣಾಕತ್ಯಾನ.'

'ಅವನ ಕಿವೀಗೆ ಹಿಡಿ.'

ಒಮ್ಮೆ ಹಿಡಿದೆ. ಅವಳ ದನಿ ಕೇಳಿ ನಾಯಿ ಹೊರಗೆ ಬಂತು, ಮೆಟ್ಟಿಲಿನವರೆಗೆ ಹೋಗಿ ಕೆಳಗೆ ನೋಡಿತು, ಮರಳಿ ಬಂದು ಒಳಗೆ ಮಲಗಿತು. ಮುಂದಿನ ವಾರಗಳಲ್ಲಿ, ಮಲಗಿದ್ದಾನೆ, ಎಬ್ಬಿಸುವುದು ಬೇಡ ಎನ್ನುತ್ತಿದ್ದೆ.

ಮೂತ್ರಪಿಂಡ ಸೋತಿದೆ ಎಂದರು ಡಾಕ್ಟರು. ಊಟ ಬಿಟ್ಟದ್ದಕ್ಕೆ ಹಾಗಾಯಿತೋ ಹಾಗಾದದ್ದಕ್ಕೆ ಊಟ ಬಿಟ್ಟಿತೋ ಎಂದು ಕೇಳಿದೆ. ಅವರು ಔಷಧದ ಚೀಟಿ ಬರೆದುಕೊಟ್ಟರು. ಎಲ್ಲಿ ಬರೆದಿದೆ ಎಂಬ ನನ್ನ ಅಂದಿನ ಮಾತನ್ನು ಅವರು ನನಗೇ ತಿರುಗಿಸಲಿಲ್ಲ. ಪ್ರಯಾಣಕ್ಕೆ ಇಪ್ಪತ್ತಾರು ದಿನ ಉಳಿದಿರುವಾಗ ನಾಯಿ ಸತ್ತಿತು.

ಸುದ್ದಿ ಹೇಳಿದಾಗ ತಂಗಿಯ ಹಿಂದೆ ಒಂದು ಕೂಸು ಅಳುತ್ತಿತ್ತು. ಅವಳು ಒಂದೇ ಪ್ರಶ್ನೆ ಕೇಳಿದಳು: 'ಪೆಟ್ಟಿಗಿ ಒಳಗೋ, ಹೊರಗೋ?'

'ಹೊರಗ. ನನ್ನ ಕಾಲ ಹತ್ರ ಮಲಗಿದ್ದ.'

'ಹಂಗಾರ ಚಲೋ ಆತು. ವಯಸ್ಸಾಗಿತ್ತು ಬಿಡಣ್ಣಾ, ಇಷ್ಟು ದೂರ ಬಂದಿದ್ರೂ ತಡೀತಿದ್ದಿಲ್ಲ ಅವ.'

ನಮ್ಮ ಮನೆಯಲ್ಲಿ ಈಗ ಎಲ್ಲರೂ ಹೇಳುವುದು ಇದನ್ನೇ: ಮುದಿ ನಾಯಿ, ದೂರದ ದಾರಿ, ಸುಖದ ಸಾವು. ಪ್ರತಿಯೊಂದು ಮಾತಿಗೂ ಪುರಾವೆ ಕೇಳುವ ನಾನು ಇದಕ್ಕೆ ಮಾತ್ರ ಕೇಳಲಿಲ್ಲ. ಇದರ ನೆರಳಿನಲ್ಲಿ ನನಗೆ ಕೂಡಲು ಜಾಗವಿತ್ತು. ಒಂಬತ್ತು ವರ್ಷ ನಾಯಿಗೆ ಕಡಿಮೆ ವಯಸ್ಸಲ್ಲ ಎಂಬುದು ನಿಜ. ಆದರೆ ಅದು ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿತ್ತು ಎಂಬುದೂ ನಿಜ. ಅವಳು ಹೊರಟ ದಿನದವರೆಗೆ.

ತಂಗಿ, ಅದು ಒಳಗಿತ್ತು. ಮೂತಿ ಹೊರಗಡೆಗೆ ಮಾಡಿ ಮಲಗಿತ್ತು. ಬಾಗಿಲನ್ನು ನಾನು ಹಾಕಿರಲಿಲ್ಲ.