ಅಕ್ಕನ ಎಡಬದಿ: ಸುರಪುರದಿಂದ ಯಾದಗಿರಿಗೆ

ಎರಡು ನಾಗರ ಪಂಚಮಿ ನಾನು ನನ್ನ ಅಕ್ಕನನ್ನು ತವರಿಗೆ ಕರೆಯಲಿಲ್ಲ. ನಮ್ಮ ಕಡೆ ಅಣ್ಣತಮ್ಮಂದಿರು ಹೋಗಿ ಕರೆಯದೆ ಹೆಣ್ಣುಮಗಳು ತಾನಾಗಿ ಬರುವುದಿಲ್ಲ. ಅದು ಗೊತ್ತಿದ್ದೂ ಸುಮ್ಮನಿದ್ದೆ. ನಾನು ಓದಿದ್ದು ಐದನೆಯ ತರಗತಿ. ತಿಳಿಯದೆ ಹೀಗಾಯಿತು ಎಂದು ಹೇಳಿಕೊಳ್ಳಬಹುದು, ಆದರೆ ಇದಕ್ಕೆ ಓದು ಬೇಕಿರಲಿಲ್ಲ.

ಅಕ್ಕ ಭೀಮಮ್ಮ ಸುರಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳ ಎಡಗೈ ಎಡಗಾಲಿಗೆ ಲಕ್ವ ಹೊಡೆದು, ನಾಲ್ಕು ತಿಂಗಳಲ್ಲಿ ಎದ್ದು ಓಡಾಡತೊಡಗಿದಳು. ಆ ವರ್ಷದ ಪಂಚಮಿಗೆ ಉಂಡಿ ಬುಟ್ಟಿ ಹಿಡಿದು ಕರೆಯಲು ಹೋದೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ನಿಂತು ‘ಅಕ್ಕ’ ಎಂದೆ. ಅವಳು ಮುಖವನ್ನು ಆಚೆ ಬದಿಗೆ ತಿರುಗಿಸಿದಳು. ಇನ್ನೊಮ್ಮೆ ಕರೆದೆ, ಇನ್ನೂ ಆಚೆ ತಿರುಗಿದಳು. ಬುಟ್ಟಿ ಇಟ್ಟು ಬಂದುಬಿಟ್ಟೆ.

ನನ್ನೊಳಗೆ ಮೊದಲೇ ಅಳುಕಿತ್ತು. ಕಾಲುವೆ ನೀರು ನಮ್ಮ ಹೊಲಕ್ಕೆ ಹರಿದ ವರ್ಷ, ಏನು ಎತ್ತ ಎಂದು ಹೇಳದೆ, ಹೊಲದಲ್ಲಿ ತನ್ನ ಪಾಲು ಬಿಟ್ಟಳೆಂಬ ಕಾಗದಕ್ಕೆ ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಅದು ಅವಳಿಗೆ ತಿಳಿದಿದೆ, ಅದಕ್ಕೇ ಮುಖ ತಿರುಗಿಸಿದಳು ಎಂದು ನಾನೇ ತೀರ್ಮಾನಿಸಿದೆ.

ಈ ಸಲ ಭಾದ್ರಪದದಲ್ಲಿ ಅವಳ ಮಗ ಫೋನು ಮಾಡಿದ. ಅವನದು ಕಾಲುವೆಯ ಗೇಟಿನ ಕೆಲಸ. ನೀರು ಬಿಟ್ಟಿದ್ದರಿಂದ ಜಾಗ ಬಿಡುವಂತಿರಲಿಲ್ಲ, ಹೆಂಡತಿ ಬಾಣಂತಿ. “ಮಾಮಾ, ಅವ್ವ ಅರ್ಧ ತಲಿನೇ ಬಾಚ್ಕೋತಾಳ. ಯಾದಗಿರಿ ದವಾಖಾನಿಗೆ ತಲಿ ಪರೀಕ್ಷಾ ಮಾಡೋ ಮೇಡಂ ಬಂದಾರಂತ. ನೀನೇ ಕರ್ಕೊಂಡು ಹೋಗಬೇಕು,” ಎಂದ. ಹೂಂ ಎಂದು ಫೋನಿಟ್ಟೆ.

ಮರುದಿನ ಬೆಳಿಗ್ಗೆ ಆರರ ಬಸ್ಸಿಗೆ ದೋರನಹಳ್ಳಿ ಬಿಟ್ಟೆ. ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರ ಮುಟ್ಟಿದಾಗ ಎಂಟಾಗಿತ್ತು. ಮೋಡವಿದ್ದರೂ ಮೈಯೆಲ್ಲ ಬೆವರು. ಅಕ್ಕ ಬಾಗಿಲಿಗೆ ಬಂದು ಎದುರಿಗೆ ನನ್ನನ್ನು ಕಂಡು, “ಎರಡು ವರ್ಷ ಎಲ್ಲಿ ಸತ್ತಿದ್ದ್ಯೋ?” ಎಂದಳು. ನಾನು ಅವಳ ಚೀಲ ಎತ್ತಿಕೊಂಡೆ.

ಬಸ್ಸಿನಲ್ಲಿ ಬಲಗಡೆಯ ಕಿಟಕಿಗೆ ಅವಳು, ಅವಳ ಎಡಕ್ಕೆ ನಾನು. ಹೆಣ್ಣುಮಕ್ಕಳಿಗೆ ಟಿಕೆಟಿನ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಕಾಲುವೆ ತುಂಬಿ ಹರಿಯುತ್ತಿತ್ತು, ಎರಡೂ ಕಡೆ ಭತ್ತದ ಗದ್ದೆ. ಶಹಾಪುರ ಹತ್ತಿರವಾದಾಗ ಎಡಕ್ಕೆ ಗುಡ್ಡ ಕಂಡಿತು. ಮಲಗಿದ ಬುದ್ಧ ಅನ್ನುತ್ತೇವಲ್ಲ, ಅದೇ. ಮೌನ ಮುರಿಯಬೇಕೆಂದು, “ಅಕ್ಕ, ಬುದ್ಧ ನೋಡು,” ಎಂದೆ. ಅವಳು ಕಿಟಕಿಯ ಹೊರಗೆ ಕತ್ತು ಚಾಚಿ, “ಎಲ್ಲೈತೋ ಬುದ್ಧ? ಬರೇ ಗದ್ದಿ ಅದಾವ,” ಎಂದಳು. ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಅನಿಸಿತು.

ಶಹಾಪುರ ನಿಲ್ದಾಣದ ಹತ್ತಿರ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ತಿಂದೆವು. ಅಕ್ಕ ತಟ್ಟೆಯ ಬಲಗಡೆ ಸ್ವಚ್ಛ ಮಾಡಿ, ಇಷ್ಟೇ ಹಾಕಿದ್ದೇಕೆ ಎಂದು ಹೋಟೆಲಿನವನನ್ನು ಗದರಿದಳು. ಅವನು ನಗುತ್ತ, “ಯವ್ವಾ, ಇನ್ನಾ ಅರ್ಧ ಅಲ್ಲೇ ಐತಲ್ಲ, ಅದು ಯಾರ ಪಾಲಿಂದು?” ಎಂದ. ಪಾಲು ಎಂಬ ಮಾತಿಗೆ ನಾನು ಅರ್ಧ ತಿಂದ ಮಿರ್ಚಿ ತಟ್ಟೆಗೆ ಹಾಕಿ ಎದ್ದೆ.

ಯಾದಗಿರಿಯ ಬಸ್ಸು ನಮ್ಮೂರಿನ ಮೇಲೆಯೇ ಹೋಗುತ್ತದೆ. ದೋರನಹಳ್ಳಿಯಲ್ಲಿ ನಿಂತಾಗ ನಮ್ಮೂರು ಬಂತು ಎಂದು ಕೂಡ ನಾನು ಹೇಳಲಿಲ್ಲ. ಭೀಮಾ ಸೇತುವೆ ದಾಟಿ, ಹನ್ನೊಂದೂವರೆಗೆ ದವಾಖಾನೆ ಸೇರಿದೆವು.

ಮೇಡಂ ಸಣ್ಣ ವಯಸ್ಸಿನವರು, ಮಾತು ಮೈಸೂರು ಕಡೆಯದು. ಸೂಜಿಯಿಲ್ಲ, ಯಂತ್ರವಿಲ್ಲ, ಒಂದು ಪೆನ್ಸಿಲು, ನಾಲ್ಕು ಹಾಳೆ. ಹಾಳೆಯ ತುಂಬ ಸಣ್ಣ ಗೆರೆಗಳಿದ್ದವು. ಎಲ್ಲವನ್ನೂ ಹೊಡೆದುಹಾಕಿ ಎಂದರು. ಅಕ್ಕ ಬಲಗಡೆಯ ಗೆರೆಗಳನ್ನಷ್ಟೇ ಹೊಡೆದು, “ಮುಗೀತ್ರಿ,” ಎಂದಳು. ಹೂವು ಬರೆಯಿರಿ ಎಂದರೆ ಬಲಗಡೆಯ ಎಸಳು ಮಾತ್ರ ಬರೆದಳು. ಕಣ್ಣು ಹೋಗಿದೆಯೇ ಎಂದು ಕೇಳಿದೆ.

“ಕಣ್ಣು ಸರಿಯಾಗಿದೆ. ಲಕ್ವ ಹೊಡೆದಾಗ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದೆ. ಎಡಗಡೆ ಅಂತ ಒಂದಿದೆ ಅನ್ನೋದೇ ಇವರ ಗಮನಕ್ಕೆ ಬರಲ್ಲ. ಆ ಕಡೆಯಿಂದ ಕರೆದರೂ ಬಲಕ್ಕೇ ತಿರುಗಿ ಹುಡುಕ್ತಾರೆ,” ಎಂದರು.

ಕಟ್ಟೆಯ ಮೇಲೆ ಕೂತಿದ್ದ ಅಕ್ಕ, ನಾನು ನಿಂತ ಎಡಬದಿ, ಎಲ್ಲ ಕಣ್ಣ ಮುಂದೆ ಬಂತು. ಅವಳು ಮುಖ ತಿರುಗಿಸಿರಲಿಲ್ಲ. ನನ್ನನ್ನು ಹುಡುಕುತ್ತಿದ್ದಳು.

ಮೇಡಂ ಇನ್ನೊಂದು ಪರೀಕ್ಷೆ ಮಾಡಿದರು. ಅಕ್ಕನಿಗೆ ಕಣ್ಣು ಮುಚ್ಚಿಸಿ, ತವರುಮನೆಯ ಬಾಗಿಲಲ್ಲಿ ನಿಂತು ಒಳಗೆ ನೋಡುತ್ತಿದ್ದೀರಿ ಎಂದುಕೊಳ್ಳಿ, ಏನೇನು ಕಾಣುತ್ತದೆ ಹೇಳಿ ಎಂದರು. ಅಕ್ಕ ನೀರಿನ ಕೊಡ, ಬೀಸುಕಲ್ಲು, ದೇವರ ಜಗುಲಿ ಹೇಳಿ ನಿಲ್ಲಿಸಿದಳು. ಎಲ್ಲವೂ ಬಲಗೋಡೆಯವು. ಮತ್ತೇನೂ ಇಲ್ಲವೇ ಎಂದರೆ ಇಲ್ಲ ಎಂದಳು.

“ಈಗ ಹಿಂದಿನ ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ನೋಡಿ.”

ಅಕ್ಕ ಜೋಳದ ಚೀಲ ಎಂದಳು, ಗೂಟಕ್ಕೆ ಹಾಕಿದ ಅಪ್ಪನ ಅಂಗಿ ಎಂದಳು. ಮೊದಲು ಎಡಕ್ಕಿದ್ದ ಗೋಡೆ ಈಗ ಅವಳ ಬಲಕ್ಕೆ ಬಂದಿತ್ತು; ಕೊಡ, ಬೀಸುಕಲ್ಲಿನ ಮಾತೇ ಇಲ್ಲ. ನಂತರ ಅವಳ ಮುಖ ಸಡಿಲಾಯಿತು. “ಇಲ್ಲಿ ನಮ್ಮ ತಮ್ಮ ಮಕ್ಕೊಂಡಾನ್ರಿ. ಚಾದರ ಒದ್ದು ಮಕ್ಕೋತಾನ. ನಾನೇ ಹೊಚ್ಚಬೇಕು.”

ನೆನಪಿನಲ್ಲೂ ಅರ್ಧ ಮನೆ ಕಾಣುವುದಿಲ್ಲ ಎಂಬುದು ನನಗೆ ಇಂದಿಗೂ ನಂಬಲಾಗದ ಸಂಗತಿ. ಅದಕ್ಕಿಂತ ದೊಡ್ಡದು ಇನ್ನೊಂದು: ಆ ಮನೆಗೆ ನಾನು ಕರೆಯದಿದ್ದವಳು ಕಣ್ಣು ಮುಚ್ಚಿ ಅಲ್ಲಿ ನನಗೆ ಚಾದರ ಹೊದಿಸುತ್ತಿದ್ದಳು. ಎದ್ದು ಹೊರಗೆ ಹೋಗಿ ನಳದ ಕೆಳಗೆ ಮುಖ ಹಿಡಿದೆ.

ಬಲಕ್ಕೆ ನಿಂತು ಮಾತಾಡಿಸಿ, ತಟ್ಟೆ ತಿರುಗಿಸಿ ಇಡಿ, ಎಡಕ್ಕೆ ನೋಡುವುದನ್ನು ದಿನಾಲೂ ರೂಢಿ ಮಾಡಿಸಿ ಎಂದು ಮೇಡಂ ಹೇಳಿಕೊಟ್ಟರು. ಪೂರ್ತಿ ಸರಿಹೋಗುತ್ತದೆ ಎಂದು ಮಾತು ಕೊಡಲಿಲ್ಲ.

ಮೂರು ಗಂಟೆಯ ಶಹಾಪುರ ಬಸ್ಸು ಸಿಕ್ಕಿತು. ಅಕ್ಕನ ಬಲಕ್ಕೆ ಕೂತೆ. ಕಂಡಕ್ಟರ್ ಬಂದಾಗ ಇಬ್ಬರಿಗೂ ದೋರನಹಳ್ಳಿ ಎಂದೆ.

“ನಾ ಸುರಪುರಕ್ಕ ಹೋಗಬೇಕಲ್ಲೋ,” ಎಂದಳು ಅಕ್ಕ.

“ನಾಕು ದಿನ ತವರಾಗ ಇದ್ದು ಹೋಗು.”

“ಪಂಚಮಿ ಮುಗಿದು ಹೋತು. ಈಗ್ಯಾಕ ಕರೀತಿ?”

ಬಸ್ಸು ಹೊರಟಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ವರ್ಷದ ಮಾತು ಆಗ ಹೊರಗೆ ಬಂತು:

“ಅಕ್ಕ, ನಂದು ತಪ್ಪಾತು. ಹೊಲದ ಕಾಗದಕ್ಕ ನಿನಗ ಹೇಳದೇ ಹೆಬ್ಬಟ್ಟು ಒತ್ತಿಸ್ಕೊಂಡೆ. ಆ ಅಂಜಿಕಿಗೆ, ನೀನೇ ನನ್ನ ಮಾರಿ ನೋಡವಲ್ಲಿ ಅಂತ ತಿಳಕೊಂಡು ಕರೀಲಿಲ್ಲ. ನನ್ನ ಹೊಟ್ಟ್ಯಾಗ ಹಾಕ್ಕೋ.”