ಬೀನ್ಸ್ ಹೂವಿನ ಬಾಗಿಲು ತೆರೆಯುವಾಕೆ

ಬೆಳಗಿನ ಆರು ಗಂಟೆ. ಗಾಜಿನ ಮನೆಯೊಳಗೆ ಬಂದ ಹೆಂಗಸು ಕೈ ತೊಳೆಯುವ ಮೊದಲೇ ಕೊನೆಯ ಸಾಲಿನ ಕುಂಡಗಳತ್ತ ಕಣ್ಣು ಹಾಯಿಸುತ್ತಾರೆ. ಹನ್ನೊಂದು ಬೀನ್ಸ್ ಗಿಡ. ಎಲ್ಲದರಲ್ಲೂ ಮೊಗ್ಗಿದೆ, ಒಂದೂ ಬಿಚ್ಚಿಲ್ಲ. "ಇನ್ನೂ ಮುಸುಕು ಹೊದ್ದು ಮಲಗಿದಾವೆ" ಎಂದು ಗೊಣಗಿ, ದಪ್ಪ ಗಾಜಿನ ಕನ್ನಡಕ ಏರಿಸಿ ಸ್ಟೂಲಿನ ಮೇಲೆ ಕೂರುತ್ತಾರೆ.

ಈ ತಳಿ ಸಂಶೋಧನಾ ಕೇಂದ್ರದಲ್ಲಿ ಅವರು ಎಲ್ಲರಿಗೂ ಚಿಮಟದಕ್ಕ. ಕೈಯಲ್ಲಿರುವ ಚಿಮಟ, ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪನದು. ಹತ್ತೊಂಬತ್ತು ವರ್ಷದ ಹಿಂದೆ ಕಳೆ ಕೀಳಲು ಬಂದವರು. ಕೈ ನಡುಗುವುದಿಲ್ಲ ಎಂಬುದನ್ನು ಯಾರೋ ಗಮನಿಸಿ ಹೂವಿನ ಮುಂದೆ ಕೂರಿಸಿದರು.

ಬೀನ್ಸ್ ಹೂವಿನದು ಗುಟ್ಟಿನ ಸಂಸಾರ. ಹಿಂದೆ ಕೊಡೆಯಂಥ ದೊಡ್ಡ ಎಸಳು, ಅಕ್ಕಪಕ್ಕ ಎರಡು ರೆಕ್ಕೆ, ನಡುವೆ ಎರಡೆಸಳು ಬೆಸೆದು ಬಸವನಹುಳುವಿನ ಚಿಪ್ಪಿನಂತೆ ಸುರುಳಿ. ಗಂಡು, ಹೆಣ್ಣು ಭಾಗಗಳೆರಡೂ ಆ ಸುರುಳಿಯೊಳಗೇ ಬಂದಿ. ತೂಕದ ದುಂಬಿ ರೆಕ್ಕೆಯ ಮೇಲೆ ಕೂತು ಅದುಮಿದರಷ್ಟೇ ಹೆಣ್ಣಿನ ತುದಿ ಹೊರಗೆ ಇಣುಕುತ್ತದೆ. ಹೊರಗಿನ ಪರಾಗಕ್ಕೆ ಒಳಗೆ ದಾರಿ ಸಿಗುವುದೇ ಅಪರೂಪ, ಹೂವು ತನ್ನ ಪಾಡಿಗೆ ತಾನು ಕಾಯಿ ಕಟ್ಟಿಬಿಡುತ್ತದೆ. ಎರಡು ತಳಿ ಬೆರೆಯಬೇಕೆಂದರೆ ಚಿಮಟದಕ್ಕನೇ ದುಂಬಿಯಾಗಬೇಕು.

ನಾಳೆ ಅರಳುವ ಮೊಗ್ಗನ್ನು ಇಂದು ಬೆಳಿಗ್ಗೆಯೇ ಬಿಡಿಸಿ, ಒಳಗಿನ ಹತ್ತು ಗಂಡು ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗ ಸವರಿ, ತೊಟ್ಟಿಗೆ ದಾರ ಕಟ್ಟುತ್ತಾರೆ. ದಿನಕ್ಕೆ ಅರವತ್ತು ಮೊಗ್ಗು. ಕಾಯಿ ನಿಲ್ಲುವುದು ಹತ್ತೋ ಹನ್ನೆರಡೋ. ಕತ್ತು ಹಿಡಿದುಕೊಂಡರೆ ಗೋಡೆಗೆ ಒರಗಿ ಒಂದು ಲೋಟ ಟೀ ಕುಡಿದು ಮತ್ತೆ ಕೂರುತ್ತಾರೆ.

ಅವರು ಎಡವಿದ್ದು ಹೋದ ವರ್ಷ. ರುಚಿಯಾದರೂ ತುಕ್ಕು ರೋಗಕ್ಕೆ ಸೋಲುವ ಬಿಳಿ ಹೂವಿನ ಬೀನ್ಸು ತಾಯಿ. ಕಲ್ಲಿನಂಥ ಕಾಳಿದ್ದರೂ ರೋಗ ಹತ್ತಿರ ಸುಳಿಯದ ನೇರಳೆ ಹೂವಿನದು ತಂದೆ. ಬೆರೆತಿದ್ದರೆ ಮಕ್ಕಳ ಹೂವಿಗೆ ಬಣ್ಣ ಬರಬೇಕಿತ್ತು. ಬಂದದ್ದೆಲ್ಲ ಬಿಳಿಯೇ. ಕಣ್ಣು ಮಂಜಾಗಿದ್ದನ್ನು ಮುಚ್ಚಿಟ್ಟುಕೊಂಡು, ಹಿಡಿಯಲು ಸುಲಭವೆಂದು, ಒಳಗೆ ಪರಾಗ ಆಗಲೇ ಉದುರಿದ್ದ ಉಬ್ಬಿದ ಮೊಗ್ಗುಗಳನ್ನೇ ಆರಿಸಿಕೊಂಡಿದ್ದರು.

"ಮದುವೆ ಮಾಡಿಸೋಕೆ ಹೋದ್ರೆ, ಅವು ಒಳಗೊಳಗೇ ಮುಗಿಸ್ಕೊಂಡು ಊಟಾನೂ ಮಾಡಿ ಕೂತಿದ್ವು" ಎಂದು ಈಗ ನಗುತ್ತಾರೆ. ಆಗ ನಗು ಬಂದಿರಲಿಲ್ಲ. ಅವಮಾನದಿಂದ ಎರಡು ದಿನ ರಜೆ ಹಾಕಿದ್ದರು. ಮಗಳು ಬೈದು ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದಳು. "ಈ ಸಲಾನೂ ಎಲ್ಲಾ ಬಿಳೀನೇ ಬಂದ್ರೆ ನಾನೇ ಕಳೆ ಕೀಳೋಕೆ ವಾಪಸ್ ಹೋಗ್ತೀನಿ ಅಂತ ಸರ್‌ಗೆ ಹೇಳ್ಬಿಟ್ಟಿದೀನಿ."

ಕೊನೆಯ ಸಾಲಿನ ಹನ್ನೊಂದು ಗಿಡಗಳು ಈ ಸಲದ ಬೆರಕೆಯ ಮಕ್ಕಳು.

ಏಳೂವರೆಗೆ ಮೊದಲ ಹೂವು ಕೊಡೆ ಬಿಚ್ಚುತ್ತದೆ. ತಿಳಿ ನೇರಳೆ. ಚಿಮಟದಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡುತ್ತಾರೆ. ಪಕ್ಕದ್ದೂ ನೇರಳೆ. ಅವರಿಗೆ ಅಳು ಬರುತ್ತದೆ, ಅದನ್ನು ಮುಚ್ಚಿಡಲು ಹೋಗುವುದಿಲ್ಲ. ಎಂಟೂವರೆಗೆ ವಿಜ್ಞಾನಿ ಪುಸ್ತಕ ಹಿಡಿದು ಬರುವಷ್ಟರಲ್ಲಿ ಹನ್ನೊಂದೂ ಅರಳಿವೆ. ಇನ್ನು ಏಳೆಂಟು ತಲೆಮಾರು ಬೆಳೆಸಿ ಆರಿಸಿದ ಮೇಲಷ್ಟೇ ಈ ಬೀನ್ಸು ರೈತನ ಕೈಗೆ. "ಅಷ್ಟರೊಳಗೆ ನಾನು ರಿಟೈರು. ಒಂದು ಹಿಡಿ ಮನೆಗೆ ಕಳಿಸಿಕೊಟ್ರೆ ಸಾಕು, ಬೇಯಿಸಿ ನೋಡ್ತೀನಿ."

ವಿಜ್ಞಾನಿ ಮೂರನೇ ಕುಂಡದ ಮುಂದೆ ನಿಲ್ಲುತ್ತಾರೆ. ಅಲ್ಲಿ ಹೂವು ಬಿಳಿ.

"ಅದು ನನ್ನ ಆತುರ. ಹಾಗೇ ಬರ್ಕೊಳ್ಳಿ ಸರ್."

"ಉಳಿದ ಹತ್ತು ಏನಂತ ಬರೀಲಿ ಅಕ್ಕಾ?"

ಚಿಮಟದಕ್ಕ ಆಗಲೇ ಮುಂದಿನ ಮೊಗ್ಗಿನ ಮೇಲೆ ಬಾಗಿದ್ದಾರೆ. "ಉಳಿದದ್ದು ನನ್ನ ಕೈಕೆಲಸ."