ತಲೆ ತೆಗೆದ ಮೇಲೆ ಉಳಿದದ್ದು

ಸತ್ತವರಿಗೆ ಕೋಟು ತೊಡಿಸುವುದರಲ್ಲಿ ನಿಪ್ಪಾಣಿಯಲ್ಲಿ ನನ್ನಷ್ಟು ಪಳಗಿದ ಕೈ ಇನ್ನೊಂದಿಲ್ಲ ಎಂದರೆ ಜಂಬವೆನಿಸಬಹುದು, ಆದರೆ ಸುಳ್ಳಲ್ಲ. ಇಪ್ಪತ್ತು ವರ್ಷಗಳಿಂದ ಫ್ಲೆಕ್ಸ್ ಬ್ಯಾನರಿನ ಅಂಗಡಿ ನಡೆಸುತ್ತಿದ್ದೇನೆ. ಹುಟ್ಟುಹಬ್ಬ, ವಾಸ್ತುಶಾಂತಿ, ಗೆದ್ದವರಿಗೆ ಅಭಿನಂದನೆ, ಗೆಲ್ಲದಿದ್ದವರಿಗೂ ಅಭಿನಂದನೆ, ಎಲ್ಲವೂ ಬರುತ್ತವೆ. ಆದರೆ ನನ್ನ ಒಲೆ ಉರಿಯುವುದು ಭಾವಪೂರ್ಣ ಶ್ರದ್ಧಾಂಜಲಿಯಿಂದ. ಈ ಮಾತು ಕನ್ನಡಕ್ಕೂ ಮರಾಠಿಗೂ ಒಂದೇ ಆದ್ದರಿಂದ, ಯಾವ ಲಿಪಿ ಬೇಕು ಎಂದು ಕೇಳಿದರೆ ಸಾಕು.

ಯಾರಾದರೂ ತೀರಿಕೊಂಡರೆ ಮನೆಯವರು ಫೋನಿನಲ್ಲಿ ಒಂದು ಫೋಟೋ ಕಳಿಸುತ್ತಾರೆ. ಅದರಲ್ಲಿ ಆ ಮನುಷ್ಯ ಬನಿಯನ್ ಹಾಕಿಕೊಂಡು ಎಮ್ಮೆಯ ಪಕ್ಕ ನಿಂತಿರುತ್ತಾನೆ, ಇಲ್ಲವೇ ಹಗ್ಗದ ಮಂಚ, ಅಂದರೆ ಹೊರಸಿನ ಮೇಲೆ ಹೆಂಡತಿಯ ಜೊತೆ ಕುಳಿತಿರುತ್ತಾನೆ. "ಕೋಟ ಹಾಕ್ರಿ, ಸಾಹೇಬ್ರಂಗ ಕಾಣಬೇಕು" ಅನ್ನುತ್ತಾರೆ. ನಾನು ಕುತ್ತಿಗೆಯ ತನಕ ತಲೆಯನ್ನು ಬಿಡಿಸಿಕೊಂಡು, ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿರುವ ನೀಲಿ ಕೋಟಿನ ಮೇಲೆ ಕೂರಿಸುತ್ತೇನೆ. ಬದುಕಿದ್ದಾಗ ಒಂದು ದಿನವೂ ಟೈ ಕಟ್ಟದವರು ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ಟೈ ಕಟ್ಟಿಕೊಂಡು ನಗುತ್ತಾರೆ. ಮನೆಯವರಿಗೆ ಸಮಾಧಾನ, ನನಗೆ ಕೆಲಸ. ಇದರಲ್ಲಿ ತಪ್ಪೇನಿದೆ ಎಂದು ನಾನು ಯೋಚಿಸಿದವನೇ ಅಲ್ಲ.

ತಲೆ ತೆಗೆದ ಮೇಲೆ ಉಳಿದದ್ದು ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಬನಿಯನ್, ಧೋತರ, ಮೊಣಕಾಲ ಮೇಲಿನ ಕೈ, ಪಕ್ಕದಲ್ಲಿ ಇಡಿಯಾಗಿ ಉಳಿದ ಹೆಂಡತಿ, ಎಮ್ಮೆ, ಟ್ರ್ಯಾಕ್ಟರಿನ ಗಾಲಿ. ಇವನ್ನೆಲ್ಲ ನಾನು ಒಂದು ಫೋಲ್ಡರಿಗೆ ಹಾಕಿ ಮರೆತುಬಿಡುತ್ತಿದ್ದೆ. ಕೆಲಸವಿಲ್ಲದ ಒಂದು ಮಳೆಗಾಲದಲ್ಲಿ ಅವುಗಳನ್ನು ತೆಗೆದು, ಮದುವೆಯ ಗ್ರೂಪ್ ಫೋಟೋದ ಹಾಗೆ ಸಾಲು ಸಾಲಾಗಿ ಜೋಡಿಸಿ ಒಂದು ಭಾರೀ ಚಿತ್ರ ಮಾಡಿದೆ. ಗಂಡಸರಿಗೆ ತಲೆಯಿಲ್ಲ. ಪಕ್ಕದಲ್ಲಿರುವ ಹೆಂಗಸರು, ಎಮ್ಮೆಗಳು ಮಾತ್ರ ಕ್ಯಾಮೆರಾ ನೋಡುತ್ತಿವೆ. ತಮಾಷೆಗೆ ಮಾಡಿದ್ದು. ಎಲ್ಲರೂ ನೋಡಲಿ ಎಂದು ಫೋನಿನಿಂದ ಸಾಮಾಜಿಕ ಜಾಲತಾಣಕ್ಕೆ ಹಾಕಿದೆ.

ಅದನ್ನು ನೋಡಿ ಮುಂಬೈಯ ಒಂದು ಗ್ಯಾಲರಿಯ ಮೇಡಂ ಫೋನ್ ಮಾಡಿದರು. ಇದು ಬ್ಯಾನರ್ ಅಲ್ಲ, ಕಲಾಕೃತಿ ಎಂದರು. ನಾನು ಎಷ್ಟು ಅಡಿ ಪ್ರಿಂಟ್ ಬೇಕು ಎಂದು ಕೇಳಿದೆ. ಪ್ರಿಂಟ್ ಬೇಡವೇ ಬೇಡವಂತೆ. ಚಿತ್ರವನ್ನು ಕಲಾ ಮೇಳದಲ್ಲಿ ಪರದೆಯ ಮೇಲೆ ತೋರಿಸುತ್ತಾರೆ, ಕೊಂಡವರಿಗೆ ಬ್ಲಾಕ್‌ಚೈನ್ ಎಂಬ ಕಂಪ್ಯೂಟರ್ ಖಾತೆಯಲ್ಲಿ ಒಂದು ಸರ್ಟಿಫಿಕೇಟ್ ಸಿಗುತ್ತದೆ, ಚಿತ್ರ ಅವರದಾಗುತ್ತದೆ. ಅವರು ಮನೆಗೆ ಏನು ಒಯ್ಯುತ್ತಾರೆ ಎಂದು ಕೇಳಿದೆ. ಏನೂ ಇಲ್ಲ, ಅದೇ ಅದರ ವಿಶೇಷ ಎಂದರು. ಹತ್ತು ವೃತ್ತದಲ್ಲಿ ಹತ್ತು ಪ್ರತಿ ಕಟ್ಟಿದರೆ ಮಾತ್ರ ಮರ್ಯಾದೆ ಎನ್ನುವ ಧಂದೆಯಲ್ಲಿ ಕೂದಲು ನೆರೆಸಿಕೊಂಡವನು ನಾನು. ಒಬ್ಬರ ಕೈಗೂ ಸಿಗದಿದ್ದರೆ ಬೆಲೆ ಏರುತ್ತದೆ ಎನ್ನುವ ಲೆಕ್ಕ ನನ್ನ ತಲೆಗೆ ಇಳಿಯಲೇ ಇಲ್ಲ. ಇಳಿಯದಿದ್ದರೂ ಹೂಂ ಅಂದೆ.

ಮುಂಬೈಯ ಮೇಳಕ್ಕೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಒಂದು ಪರದೆಯಲ್ಲಿ ದಾಳಿಂಬೆ ಹಣ್ಣೊಂದು ದಿನವಿಡೀ ಕೊಳೆಯುತ್ತಿತ್ತು. ಇನ್ನೊಂದು ಕಡೆ ಜನ ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ಗಾಳಿಯಲ್ಲಿ ಕೈ ಆಡಿಸುತ್ತಿದ್ದರು. ಪ್ರತಿಯೊಂದರ ಕೆಳಗೂ ಕಿರಾಣಿ ಅಂಗಡಿಯಲ್ಲಿರುವಂಥದೇ ಕ್ಯೂಆರ್ ಚೌಕ. "ಯಾವದಕ್ಕ ರೊಕ್ಕ ಹಾಕಬೇಕರಿ ಇಲ್ಲಿ?" ಎಂದು ಹೆಂಡತಿ ಕೇಳಿದಳು. ನನ್ನ ಚಿತ್ರದ ಮುಂದೆ ಗುಂಪು ನೆರೆದಿತ್ತು. ಒಬ್ಬರು ಈ ತಲೆಗಳು ಎಲ್ಲಿ ಹೋದವು ಎಂದು ಕೇಳಿದರು. ಕೋಟಿನ ಮೇಲೆ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಅದನ್ನು ಬರೆದುಕೊಂಡರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮೇಲೆ ಕೇಳಿದ್ದಕ್ಕೆಲ್ಲ ಸುಮ್ಮನೆ ನಕ್ಕುಬಿಡಿ ಎಂದರು. ಎರಡು ದಿನ ನಕ್ಕೂ ನಕ್ಕೂ ದವಡೆ ನೋಯಿತು. ಚಿತ್ರ ಮಾರಾಟವಾಯಿತು. ಕೊಂಡವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಆಮೇಲೆ ಒಪ್ಪಂದದ ಕಾಗದ ಬಂತು. ಒಂದೇ ಪ್ರತಿ, ಕಲಾವಿದ ತನ್ನ ಬಳಿ ಪ್ರತಿಯನ್ನಾಗಲಿ ಮೂಲ ಸಾಮಗ್ರಿಯನ್ನಾಗಲಿ ಉಳಿಸಿಕೊಳ್ಳಬಾರದು ಎಂದಿತ್ತು. ಇಲ್ಲಿ ನಮ್ಮ ಧಂದೆಯ ಒಂದು ನಿಯತ್ತನ್ನು ಹೇಳಬೇಕು. ಚುನಾವಣೆ ಬಂದಾಗ ಎದುರಾಳಿಗಳು ಇಬ್ಬರೂ ನನ್ನ ಅಂಗಡಿಗೇ ಬರುತ್ತಾರೆ. ಒಬ್ಬನ ಬ್ಯಾನರ್ ಕಂಬಕ್ಕೆ ಏರುವ ತನಕ ಇನ್ನೊಬ್ಬನಿಗೆ ಅದರ ನೆರಳೂ ಕಾಣಬಾರದು. ಅಳಿಸು ಎಂದರೆ ಅವರ ಎದುರಿಗೇ ಅಳಿಸುತ್ತೇನೆ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸುತ್ತೇನೆ. ಈ ಒಂದು ನಂಬಿಕೆಯ ಮೇಲೆಯೇ ಅಥಣಿ, ರಾಯಬಾಗದಿಂದಲೂ ಗಿರಾಕಿಗಳು ಬರುತ್ತಾರೆ. ಹೀಗಾಗಿ ಕಾಗದಕ್ಕೆ ಸಹಿ ಹಾಕಿದ ದಿನವೇ ಚಿತ್ರ ಅಳಿಸಿದೆ, ಉಳಿಕೆಗಳ ಫೋಲ್ಡರ್ ಅಳಿಸಿದೆ, ಮೂಲ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿದೆ, ಫೋನಿನಲ್ಲಿ, ಜಾಲತಾಣದಲ್ಲಿ ಇದ್ದುದನ್ನೂ ಬಿಡಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ಎದೆ ಉಬ್ಬಿಸಿಕೊಂಡು ಊಟಕ್ಕೆ ಹೋದೆ. ನನ್ನ ಬುದ್ಧಿಗೆ ಏನು ಮಣ್ಣು ಬಿದ್ದಿತ್ತೋ!

ಕೆಲವು ತಿಂಗಳು ಕಳೆದವು. ಸಂತೆಯ ದಿನ ಹತ್ತಿರದ ಹಳ್ಳಿ ಅಕ್ಕೋಳದಿಂದ ಒಬ್ಬ ಹೆಂಗಸು ಅಂಗಡಿಗೆ ಬಂದರು. ವಯಸ್ಸು ಅರವತ್ತರ ಹತ್ತಿರ, ಕೈಯಲ್ಲಿ ಸಂತೆಯ ಚೀಲ. ಅವರ ಗಂಡ ತೀರಿಕೊಂಡಾಗ ಶ್ರದ್ಧಾಂಜಲಿ ಬ್ಯಾನರ್ ಮಾಡಿಕೊಟ್ಟವನು ನಾನೇ.

"ಅಣ್ಣಾರ, ವರ್ಷದ ಪೂಜಿ ಬಂತರಿ. ಆಗ ನಿಮಗ ಕಳಿಸಿದ್ದ ಫೋಟೋ ಬೇಕಾಗಿತ್ತು."

"ಬ್ಯಾನರ್ ಇಟ್ಟೇನಿ ಅವ್ವಾ, ಈಗ ಪ್ರಿಂಟ್ ಹಾಕಿ ಕೊಡ್ತೇನಿ" ಎಂದೆ. ಶ್ರದ್ಧಾಂಜಲಿಯ ಬ್ಯಾನರುಗಳು ಬೇರೆ ಡಿಸ್ಕಿನಲ್ಲಿವೆ, ಅವನ್ನು ನಾನು ಅಳಿಸುವುದಿಲ್ಲ, ವರ್ಷವರ್ಷವೂ ಪುಣ್ಯಸ್ಮರಣೆ ಬರುತ್ತದೆ.

"ಕೋಟಿಂದ ಬ್ಯಾಡ್ರಿ. ಹೊರಸಿನ ಮ್ಯಾಲ ನಾವಿಬ್ರೂ ಕುಂತದ್ದು ಇತ್ತಲ್ಲ, ಅದು. ಮಗನ ಫೋನು ಬಾವ್ಯಾಗ ಬಿದ್ದು ಹೋತು. ಎಲ್ಲಾರ ಲಗ್ನದಾಗೂ ಅವರು ಗಂಡಸರ ಸಾಲಿನ್ಯಾಗ, ನಾ ಹೆಂಗಸರ ಸಾಲಿನ್ಯಾಗ. ಇಬ್ರೂ ಕೂಡಿ ಕುಂತ ಫೋಟೋ ಅಂದ್ರ ಅದೊಂದ."

ನನಗೆ ಫೋಟೋ ತಕ್ಷಣ ನೆನಪಾಯಿತು. ಆ ತಲೆಯನ್ನು ಬಿಡಿಸಲು ಐದು ನಿಮಿಷವೂ ಹಿಡಿದಿರಲಿಲ್ಲ. ಉಳಿದದ್ದು, ಅಂದರೆ ಅವರ ಗಂಡನ ಮೈ ಮತ್ತು ಇಡಿಯಾಗಿ ಅವರು, ನನ್ನ ದೊಡ್ಡ ಚಿತ್ರದ ಎರಡನೆಯ ಸಾಲಿನಲ್ಲಿ ಇದ್ದರು. ತಲೆ ನನ್ನ ಬಳಿ ಬ್ಯಾನರಿನಲ್ಲಿದೆ, ಉಳಿದದ್ದು ಮುಂಬೈಯಲ್ಲಿದೆ. ಎರಡನ್ನೂ ಕೂಡಿಸಿದರೆ ಫೋಟೋ ಆಯಿತು. "ಮುಂದಿನ ಸಂತಿಗೆ ಬರ್ರಿ ಅವ್ವಾ" ಎಂದೆ, ಅಷ್ಟು ಸಲೀಸಾಗಿ.

ಗ್ಯಾಲರಿಯ ಮೇಡಂಗೆ ಫೋನ್ ಮಾಡಿ, ಚಿತ್ರವನ್ನು ಒಂದು ಸಲ ಕಳಿಸಿ, ಅಂಗೈಯಷ್ಟು ಭಾಗ ಸಾಕು ಎಂದೆ. ಅವರು ನಿಮ್ಮ ಬಳಿಯೇ ಇದೆಯಲ್ಲ ಎಂದರು. ಅಳಿಸಿದೆ ಎಂದೆ. ಜೋರಾಗಿ ನಕ್ಕರು. ನಿಜವಾಗಿ ಯಾರಾದರೂ ಅಳಿಸುತ್ತಾರೆಯೇ, ಅದು ಕಾಗದದ ಮಾತು, ಎಲ್ಲ ಕಲಾವಿದರೂ ಒಂದನ್ನು ಇಟ್ಟುಕೊಂಡೇ ಸಹಿ ಹಾಕುತ್ತಾರೆ ಎಂದರು. ಹಾಗಾದರೆ ಬರೆದದ್ದೇಕೆ? ಆ ಪ್ರಶ್ನೆಗೂ ನಕ್ಕರು. ಫೋನನ್ನು ಎತ್ತಿ ಗೋಡೆಗೆ ಬಡಿಯಬೇಕೆನಿಸಿತು.

ಅವರ ಬಳಿಯೂ ಇರಲಿಲ್ಲ. ಮೇಳದ ಪರದೆ ಬಾಡಿಗೆಯದು, ಪೆನ್ ಡ್ರೈವ್ ಅಳಿಸಿ ಹಿಂದಿರುಗಿಸಿದ್ದರು. ಚಿತ್ರವನ್ನು ಯಾವುದೋ ಕಂಪನಿಯ ಜಾಲತಾಣಕ್ಕೆ ಏರಿಸಿ ಅದರ ಲಿಂಕನ್ನು ಸರ್ಟಿಫಿಕೇಟಿಗೆ ಜೋಡಿಸಿದ್ದರಂತೆ. ಆ ಕಂಪನಿ ಬಾಗಿಲು ಹಾಕಿತ್ತು. ಲಿಂಕ್ ಒತ್ತಿದರೆ ಬಿಳಿ ಪುಟ. ಕೊಂಡವರಾದರೂ ಇಳಿಸಿಕೊಂಡಿರಬೇಕಲ್ಲ ಎಂದು ಮೇಡಂ ಮೂಲಕ ಎರಡು ವಾರ ಬೆನ್ನು ಹತ್ತಿದೆ. ಇಲ್ಲ, ಅವರು ಅದನ್ನು ಒಂದು ಸಲವೂ ತೆರೆದಿರಲಿಲ್ಲ. ಉಳಿದದ್ದು ಸರ್ಟಿಫಿಕೇಟಿನ ಮೂಲೆಯ ಉಗುರಿನಷ್ಟು ಚಿತ್ರ. ಅದನ್ನು ಹಿಗ್ಗಿಸಿದರೆ ಬರೀ ಬಣ್ಣದ ಚೌಕಗಳು. ಮೇಡಂ ನನ್ನನ್ನೇ ಸಮಾಧಾನ ಮಾಡಿದರು: ಸರ್ಟಿಫಿಕೇಟ್ ಭದ್ರವಾಗಿದೆ, ಕೊಂಡವರಿಗೆ ಬೇಸರವಿಲ್ಲ, ಈಗ ಅದು ಇನ್ನೂ ಅಪರೂಪದ ಕೃತಿಯಾಗಿದೆ ಎಂದು ಅವರು ಖುಷಿಯಾಗಿದ್ದಾರೆ. ಚಿತ್ರವಿಲ್ಲದ ಚಿತ್ರಕ್ಕೆ ಮಾಲೀಕನಾಗಿ ಖುಷಿ ಪಡುವವನಿಗೆ ಏನು ಹೇಳುವುದು? ನನಗೆ ತಿಳಿದ ಬೈಗುಳಗಳಲ್ಲಿ ಒಂದೂ ಅವನಿಗೆ ಒಪ್ಪುವಂತಿರಲಿಲ್ಲ.

ಇತ್ತ ಆ ತಾಯಿ ಪ್ರತಿ ಸಂತೆಗೂ ಬರುತ್ತಿದ್ದರು. ಬೈಯಲಿಲ್ಲ, ದಬಾಯಿಸಲಿಲ್ಲ. ಒಂದು ಸಲ ಹಸಿ ಶೇಂಗಾ ತಂದುಕೊಟ್ಟರು. ಅದನ್ನು ತಿನ್ನುವಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ನಾಲ್ಕನೆಯ ಸಂತೆಗೆ ಇನ್ನು ಸುಳ್ಳು ಹೇಳಲಾರದೆ ಎಲ್ಲವನ್ನೂ ಬಿಚ್ಚಿ ಹೇಳಿದೆ. ತಲೆ ತೆಗೆದದ್ದು, ಉಳಿದದ್ದನ್ನು ಸಾಲಾಗಿ ಕೂರಿಸಿದ್ದು, ಮುಂಬೈ, ಮಾರಾಟ. ಅವರು ಸಂತೆಯ ಚೀಲವನ್ನು ಕೆಳಗಿಟ್ಟರು.

"ಅಂದ್ರ, ನನ್ನ ಮಾರೀರೇನ್ರಿ?"

"ಹಂಗಲ್ಲ ಅವ್ವಾ, ಅದು ಚಿತ್ರ..."

"ನನಗ ಒಂದ್ ಮಾತ ಕೇಳಬೇಕಿತ್ತಿಲ್ಲೋ?"

ಕೇಳಬೇಕಿತ್ತು. ಮುಂಬೈಯಲ್ಲಿ ಅಷ್ಟು ಜನ ಅಷ್ಟೊಂದು ಪ್ರಶ್ನೆ ಕೇಳಿದರು, ಈ ಒಂದು ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ಇಷ್ಟು ದಿನ ಗ್ಯಾಲರಿಯವರ ಮೇಲೆ ಹರಿಹಾಯ್ದ ನನಗೂ.

ಆ ಸಂಜೆ ಮನೆಯಲ್ಲಿ ನನ್ನ ಮುಖ ನೋಡಲಾಗದೆ ಹೆಂಡತಿ, "ನಾ ಮೇಳದಾಗ ನಿಮ್ಮದೊಂದು ಫೋಟೋ ಹೊಡದಿದ್ನೆಲ್ಲ" ಎಂದಳು. ಫೋಟೋ ತೆಗೆಯಬಾರದೆಂದು ಬೋರ್ಡ್ ಹಾಕಿದ್ದ ಜಾಗದಲ್ಲಿ ಅವಳು ಸುಮ್ಮನೆ ತೆಗೆದಿದ್ದಳು. ಅವಳ ಫೋನಿನಲ್ಲಿ ಹುಡುಕಿದೆವು, ಸಿಕ್ಕಿತು. ಸ್ಪಷ್ಟವಾದ ಫೋಟೋ. ಪರದೆ ತುಂಬ ನನ್ನ ಚಿತ್ರ, ಎರಡನೆಯ ಸಾಲಿನಲ್ಲಿ ಹೊರಸು, ಹೊರಸಿನ ಮೇಲೆ ಅವರ ಗಂಡನ ಅಂಗಿ, ಮೊಣಕಾಲಿನ ಮೇಲೆ ಕೈ. ಅದರ ಪಕ್ಕದಲ್ಲಿ, ಸರಿಯಾಗಿ ಆಕೆ ಇರಬೇಕಾದ ಜಾಗವನ್ನು ಮುಚ್ಚಿಕೊಂಡು, ಹೊಸ ಅಂಗಿ ಹಾಕಿ ಹಲ್ಲು ಕಿರಿಯುತ್ತ ನಾನು ನಿಂತಿದ್ದೆ. ಒಂದು ಗೇಣು ಸರಿದು ನಿಂತಿದ್ದರೆ ಏನಾಗುತ್ತಿತ್ತು? ನನ್ನ ತೋಳಿನ ಪಕ್ಕ ಹಸಿರು ಸೀರೆಯ ಅಂಚು ಎರಡು ಬೆರಳಷ್ಟು ಕಾಣುತ್ತಿತ್ತು, ಕೆಳಗೆ ಒಂದು ಪಾದ.

ಮುಂದಿನ ಸಂತೆಗೆ ಅವರಿಗೆ ಅದನ್ನೇ ತೋರಿಸಿದೆ. ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಸೀರಿ ನಂದ. ಕೈ ಅವರದ." ಆಮೇಲೆ ನನ್ನತ್ತ ತಿರುಗಿದರು. "ನೀವು ಅಡ್ಡ ನಿಂತೀರಲ್ರಿ. ನಿಮ್ಮನ್ನ ತಗದ ಬಿಡ್ರಿ ಅಲ್ಲಿಂದ. ನಿಮಗ ತಗ್ಯಾಕ ಬರ್ತೈತೆಲ್ಲ?"

ನನ್ನನ್ನು ತೆಗೆದರೆ ಹಿಂದೆ ಏನೂ ಇಲ್ಲ ಎಂದು ಹೇಗೆ ತಿಳಿಸಿ ಹೇಳುವುದು? ಒಬ್ಬರ ಹಿಂದೆ ಇನ್ನೊಬ್ಬರು ನಿಂತಿದ್ದರೆ ಮುಂದಿನವರು ಸರಿದಾಗ ಹಿಂದಿನವರು ಕಾಣಬೇಕು. ಅವರು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. "ನೋಡ್ತೇನ್ರಿ ಅವ್ವಾ" ಎಂದೆ.

ಈಗ ಕಂಪ್ಯೂಟರಿನಲ್ಲಿ ಹೊಸ ವಿದ್ಯೆ ಬಂದಿದೆ. ಒಂದು ಭಾಗವನ್ನು ಒರೆಸಿ, ಇಲ್ಲಿ ಏನಿತ್ತು ಎಂದು ಬರೆದರೆ ಅದೇ ತುಂಬಿಕೊಡುತ್ತದೆ. ನಾನು ನನ್ನನ್ನು ಒರೆಸಿದೆ. ಹಸಿರು ಇಳಕಲ್ ಸೀರೆ ಉಟ್ಟ, ಅರವತ್ತರ, ಹಳ್ಳಿಯ ಹೆಂಗಸು, ಹೊರಸಿನ ಮೇಲೆ ಗಂಡನ ಪಕ್ಕ ಎಂದು ಬರೆದೆ. ಹೊರಸಿನ ಹಗ್ಗವನ್ನೂ ಸೀರೆಯ ಮಡಿಕೆಯನ್ನೂ ಅದು ಹಾಗೆಯೇ ಮುಂದುವರಿಸಿತು. ಬ್ಯಾನರಿನಿಂದ ಅವರ ಗಂಡನ ತಲೆಯನ್ನು ಬಿಡಿಸಿ ಮತ್ತೆ ಅವರದೇ ಅಂಗಿಯ ಮೇಲೆ ಕೂರಿಸಿದೆ. ಕುತ್ತಿಗೆಯ ಗೆರೆ ಎಲ್ಲಿಯೂ ಕಾಣಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಮಾಡಿಲ್ಲ. ಒಳ್ಳೆಯ ಕಾಗದಕ್ಕೆ ಹಾಕಿ, ಫ್ರೇಮ್ ಕಟ್ಟಿಸಿ, ಈ ಸಲ ಅವರನ್ನು ಅಂಗಡಿಗೆ ಬರಗೊಡದೆ ನಾನೇ ಅಕ್ಕೋಳಕ್ಕೆ ಹೋದೆ.

ಅವರು ಕೈ ಒರೆಸಿಕೊಂಡು ಬಂದು ಫ್ರೇಮನ್ನು ತೊಡೆಯ ಮೇಲೆ ಇಟ್ಟುಕೊಂಡರು. ಗಂಡನ ಮುಖವನ್ನು ಕಂಡು ಕಣ್ಣು ತುಂಬಿಬಂತು. ಸೆರಗಿನಿಂದ ಗಾಜನ್ನು ಒರೆಸಿದರು. ಅಬ್ಬಾ, ಗೆದ್ದೆ ಎಂದುಕೊಂಡೆ. ಆಮೇಲೆ ಅವರ ಬೆರಳು ಪಕ್ಕಕ್ಕೆ ಸರಿದು, ಆ ಹೆಂಗಸಿನ ಮುಖದ ಮೇಲೆ ನಿಂತಿತು.

"ಈಕಿ ಯಾರ್ರಿ ಅಣ್ಣಾರ? ಅಲ್ಲಿ ನಾ ಕುಂತಿದ್ನಿ."